ಹ್ಯೂಸ್ಟನ್ ಸೇರಿದ ಮುದ್ದೆ ಕೋಲು

ಕಳೆದ ಭಾನುವಾರ ಬೆಳಗ್ಗೆ ನನಗೆ ಮುದ್ದೆ ತಿನ್ನಬೇಕು ಅನ್ನಿಸಿತು. ಹಾಗನ್ನಿಸಿದರೆ ಮುಗಿಯಿತು, ಅದು ಹೊಟ್ಟೆಗೆ ಬೀಳುವತನಕ ನಾನು ಮನುಷ್ಯನಲ್ಲ. ಹಿಂದಿನ ದಿನದ ಬಸ್ಸಾರು ಇತ್ತು, ರಾಗಿ ಹಿಟ್ಟು ಇತ್ತು, ಪಾತ್ರೆಯಲ್ಲಿ ಎಸರು ಕುದಿಯುತ್ತಿತ್ತು. ಒಲೆಯ ಪಕ್ಕದ ಡ್ರಾಯರ್ ಎಳೆದು ಕೈ ಹಾಕಿದರೆ ಮುದ್ದೆ ಕೋಲು ಇಲ್ಲ. ಲಟ್ಟಣಿಗೆ ಇದೆ, ಸೌಟುಗಳಿವೆ, ಯಾವ ಕಾಲದಲ್ಲೋ ಕೊಂಡು ಒಮ್ಮೆಯೂ ಬಳಸದ ಹಲ್ಲಿನ ಚಮಚ ಇದೆ. ಕೋಲು ಮಾತ್ರ ಇಲ್ಲ.

"ಶೈಲಾ, ಕೋಲೆಲ್ಲಿ?" ಎಂದು ಕೂಗಿದೆ.

ನನ್ನ ಹೆಂಡತಿ ಹುಬ್ಬಳ್ಳಿಯವಳು. ಮುದ್ದೆಗೂ ಅವಳಿಗೂ ಮದುವೆಯಾದಾಗಿನಿಂದ ಅಷ್ಟಕ್ಕಷ್ಟೆ. ಮಹಡಿಯಿಂದಲೇ ಉತ್ತರ ಬಂತು: "ಮರತೀರೇನ್ರೀ? ಅದು ಹ್ಯೂಸ್ಟನ್‌ನಾಗ ಐತಿ. ನಿಮ್ಮ ಬೀಗರ ಮನ್ಯಾಗ. ನಿಮ್ಮ ಕೈಯಾರ ನೀವ ಕೊಟ್ಟ ಬಂದೀರಿ."

ಹೌದಲ್ಲ! ಒಲೆ ಸಣ್ಣ ಮಾಡಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ನಮ್ಮಮ್ಮ ಮೈಸೂರಿನಿಂದ ಸೀರೆಗಳ ಮಧ್ಯೆ ಸುತ್ತಿ ಕಳಿಸಿದ ಕೋಲು ಅದು. ಮುದ್ದೆ ಅಂದರೇನು ಅಂತಲೇ ಗೊತ್ತಿಲ್ಲದ ಒಬ್ಬ ಟೆಕ್ಸಸ್ ಮನುಷ್ಯನ ಮನೆಗೆ ಅದು ಹೇಗೆ ಹೋಯಿತು ಅನ್ನುವುದನ್ನು ನಿಮಗೆ ಹೇಳಿಬಿಡುತ್ತೇನೆ. ಹೇಗಿದ್ದರೂ ಮುದ್ದೆ ಆಗುವ ಹಾಗಿಲ್ಲ.

ನಮ್ಮ ಮಗಳು ನಿಧಿ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಮೆಚ್ಚಿದ ಹುಡುಗ ಟ್ರೆಂಟ್. ಅವನೂ ಅಲ್ಲೇ. ಅವನ ಅಪ್ಪ ಡೇಲ್, ಹ್ಯೂಸ್ಟನ್ನಿನ ಉತ್ತರಕ್ಕಿರುವ ವುಡ್‌ಲ್ಯಾಂಡ್ಸ್‌ನಲ್ಲಿ ಎಣ್ಣೆ ಕಂಪನಿಯೊಂದರಲ್ಲಿದ್ದು ರಿಟೈರ್ ಆದವರು. ಯುಗಾದಿಯ ಆಸುಪಾಸಿನಲ್ಲಿ ಎರಡೂ ಮನೆಯವರು ಮೊದಲ ಸಲ ಭೇಟಿಯಾದದ್ದು ಇಲ್ಲಿ ನಮ್ಮ ಆಸ್ಟಿನ್ನಿನ ಡೊಮೇನ್ ಅನ್ನುವ ಅಂಗಡಿಬೀದಿಯಲ್ಲಿ, ಒಂದು ಹೋಟೆಲಿನ ಹೊರಗಿನ ಮೇಜಿನಲ್ಲಿ. ಡೇಲ್ ಎತ್ತರದ ಆಳು. ಕೈ ಕುಲುಕಿದರೆ ನನ್ನ ಕೈ ಅವರ ಕೈಯೊಳಗೆ ಕಳೆದುಹೋಗುತ್ತದೆ. ಕುಲುಕಿದ್ದಾಯಿತು, ಕೂತದ್ದಾಯಿತು. ಆಮೇಲೆ?

ಆಮೇಲೆ ಏನೂ ಇಲ್ಲ. ಬೀಗರ ಜೊತೆ ಏನು ಮಾತಾಡಬೇಕು ಅನ್ನುವುದು ನನಗೆ ನಮ್ಮ ಕಡೆಯ ಬೀಗರ ವಿಷಯದಲ್ಲೇ ಗೊತ್ತಿಲ್ಲ. ನಮ್ಮಪ್ಪ ಮತ್ತು ನನ್ನ ಮಾವ ಜೀವಮಾನವಿಡೀ ಫೋನಿನಲ್ಲಿ ಮಾತಾಡಿದ್ದು ಮಳೆಯ ಬಗ್ಗೆ ಮಾತ್ರ. "ಮಳಿ ಹೆಂಗೈತ್ರೀ?" ಅಂತ ಅವರು ಕೇಳುವುದು, "ಪರವಾಗಿಲ್ಲ, ನಿಮ್ಮ ಕಡೆ?" ಅಂತ ಇವರು ಕೇಳುವುದು. ಮಳೆ ಇಲ್ಲದ ಕಾಲದಲ್ಲಿ ಫೋನೂ ಇರುತ್ತಿರಲಿಲ್ಲ. ಟೆಕ್ಸಸ್‌ನಲ್ಲಿ ಮಳೆಯ ಮಾತು ಎರಡು ನಿಮಿಷಕ್ಕೆ ಮುಗಿಯಿತು. ಡೇಲ್ ಫುಟ್‌ಬಾಲ್ ಬಗ್ಗೆ ಏನೋ ಹೇಳಿದರು. ನಾನು ಕ್ರಿಕೆಟ್ ಬಗ್ಗೆ ಏನೋ ಹೇಳಿದೆ. ಇಬ್ಬರೂ ತಲೆಯಾಡಿಸಿದೆವು. ನಿಧಿ ತನ್ನ ಗ್ಲಾಸಿನ ಐಸ್ ಅನ್ನು ಸ್ಟ್ರಾದಿಂದ ಕುಕ್ಕುತ್ತಾ ನನ್ನನ್ನೇ ನೋಡುತ್ತಿದ್ದಳು.

ನಾನು ತರಿಸಿದ ಬಿಯರ್ ನೋಡಿ ಡೇಲ್ ಮೆಲ್ಲಗೆ ಹೇಳಿದರು, ತಾನು ಬಹಳ ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತೇನೆ, ಅದೂ ಡಬ್ಬಿಯಲ್ಲಿ ಬರುವ ಸಿರಪ್ಪಿನಿಂದಲ್ಲ, ಕಾಳಿನಿಂದಲೇ ಅಂತ. ಮೇಜಿನ ಮೌನ ಶೈಲಾಗೆ ಆಗಲೇ ಉಸಿರು ಕಟ್ಟಿಸಿತ್ತು. ಸಿಕ್ಕಿದ ಹಗ್ಗ ಹಿಡಿದುಬಿಟ್ಟಳು. "ನಮ್ಮ ಮನೆಯವರೂ ಎಲ್ಲ ಮನೆಯಲ್ಲೇ ಮಾಡ್ತಾರೆ. ದೋಸೆ ಹಿಟ್ಟು, ಮೊಸರು, ಉಪ್ಪಿನಕಾಯಿ. ಬಿಯರೂ ಮಾಡ್ತಾರೆ, ನೋಡಿ ಬೇಕಾದರೆ" ಅಂತ ಇಂಗ್ಲಿಷಿನಲ್ಲಿ ಸಲೀಸಾಗಿ ಹೇಳಿದಳು. ನಾನು ಬಿಯರ್ ಕುಡಿದವನೇ ಹೊರತು ಎಂದೂ ಮಾಡಿದವನಲ್ಲ. ಡೇಲ್ ಮುಖ ಅರಳಿತು. "ಹಾಗಾದರೆ ಎಂಗೇಜ್‌ಮೆಂಟಿನ ಬಿಯರ್ ನಿಮ್ಮದು, ಮದುವೆಯ ಬಿಯರ್ ನನ್ನದು" ಅಂದರು. ಮತ್ತೊಮ್ಮೆ ನನ್ನ ಕೈ ಅವರ ಕೈಯೊಳಗೆ ಕಳೆದುಹೋಯಿತು.

ಪಾರ್ಕಿಂಗ್‌ನಲ್ಲಿ ನಿಧಿ ನನ್ನನ್ನು ಪಕ್ಕಕ್ಕೆ ಕರೆದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುವುದು ನಮ್ಮ ಮನೆಯ ರೂಢಿ. "ಅಪ್ಪಾ, ಆರ್ ಯು ಓಕೆ ವಿತ್ ದಿಸ್? ರಿಯಲಿ?" ಅಂದಳು.

"ಹೈವೇಲಿ ಟ್ರಾಫಿಕ್ ಜಾಸ್ತಿ ಇರತ್ತೆ. ನಿಧಾನವಾಗಿ ಡ್ರೈವ್ ಮಾಡು. ಮನೆ ತಲುಪಿ ಮೆಸೇಜ್ ಹಾಕು" ಅಂದೆ ನಾನು.

ನಗಬೇಡಿ. ನಮ್ಮ ಮನೆತನದಲ್ಲಿ ಯಾರೂ ಬಾಯಿಬಿಟ್ಟು ಒಪ್ಪಿಗೆ ಹೇಳಿದವರಲ್ಲ. ಹುಬ್ಬಳ್ಳಿಯ ಹುಡುಗಿ ಎಂದು ನಾನು ಹೇಳಿದಾಗ ನಮ್ಮಪ್ಪ ಪೇಪರ್ ಮಡಚಿ ಎದ್ದುಹೋದರು. ಒಪ್ಪಿದ್ದಾರೆ ಅಂತ ನನಗೆ ಗೊತ್ತಾದದ್ದು, ಅವರು ಛತ್ರ ಖಾಲಿ ಇದೆಯಾ ಅಂತ ವಿಚಾರಿಸಲು ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದಾಗ. ನಾನೂ ಹಾಗೆಯೇ. ಟ್ರೆಂಟ್ ನನಗೆ ಹಿಡಿಸಿದ್ದ. ಅವನು ನಿಧಿಯ ಮಾತನ್ನು ಕೊನೆಯತನಕ ಕೇಳುತ್ತಾನೆ, ಅದು ನನ್ನಿಂದಲೂ ಆಗದ ಕೆಲಸ. ಬಿಯರ್ ಮಾಡಿಕೊಂಡು ಅವರ ಮನೆಗೆ ಹೋಗುವುದೇ ನನ್ನ ಒಪ್ಪಿಗೆ, ಇನ್ನೇನು ಹೇಳುವುದು ಅಂದುಕೊಂಡೆ. ನಿಧಿ ಮಾತ್ರ ನನ್ನ ಬಾಯಿಂದ ಒಂದು ಮಾತಿಗಾಗಿ ಕಾಯುತ್ತಿದ್ದಳು. ಆ ಕಾಯುವಿಕೆ ನನ್ನ ಕಣ್ಣಿಗೆ ಬೀಳಲಿಲ್ಲ.

ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸವನ್ನೂ ಹೇಳಬೇಕು. ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ. ಹಗಲೆಲ್ಲ ಬೇರೆಯವರ ತಪ್ಪು ಹುಡುಕುತ್ತೇನೆ. ಕೂದಲಿನ ಅಗಲವನ್ನು ನೂರು ಭಾಗ ಮಾಡಿ ಅಳೆಯುತ್ತೇನೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಆ ಮನುಷ್ಯ ಬಾಗಿಲ ಹೊರಗೇ ನಿಲ್ಲುತ್ತಾನೆ. ಒಳಗೆ ಬರುವವನಿಗೆ ಉಪ್ಪು ಚಿಟಿಕೆಯಲ್ಲಿ, ಬೆಲ್ಲ ಅಚ್ಚಿನಲ್ಲಿ, ನೀರು ಬೆರಳ ಗೆರೆಯಲ್ಲಿ.

ಸಿರಪ್ ಡಬ್ಬಿ ತಂದು ಸುಲಭವಾಗಿ ಮುಗಿಸಬಹುದಿತ್ತು. ಆದರೆ ಡಬ್ಬಿಯ ಪುಡಿಯಿಂದ ಇಡ್ಲಿ ಮಾಡುವವರನ್ನು ಕಂಡರೆ ಮೂಗು ಮುರಿಯುವ ಜಾತಿ ನಾನು. ಅಂಗಡಿಯಿಂದ ಒಡೆದ ಮಾಲ್ಟ್ ತಂದೆ. ಮಾಲ್ಟ್ ಅಂದರೆ ದೊಡ್ಡ ವಿಷಯವೇನಲ್ಲ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಕೈ ಸುಡುವಷ್ಟು ಬಿಸಿಯ, ಆದರೆ ಕುದಿಯದ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕಾಳಿನ ಹಿಟ್ಟು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಅನ್ನುವ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುದುಗಲು ಬಿಟ್ಟರೆ ಬಿಯರ್. ಹೇಳಲು ಇಷ್ಟೇ.

ಚೀಲದ ಬಾಯಿ ಬಿಚ್ಚಿದೆ ನೋಡಿ, ಆ ಘಮ ಮೂಗಿಗೆ ಹೊಡೆದದ್ದೇ ನಾನು ನಮ್ಮ ಮೈಸೂರಿನ ಅಡುಗೆಮನೆಯಲ್ಲಿದ್ದೆ. ಅಮ್ಮ ರಾಗಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರಿ ಮೂಲೆಯಲ್ಲಿಡುತ್ತಿದ್ದರು. ಮೊಳಕೆ ಬಟ್ಟೆಯ ಎಳೆಯನ್ನು ತೂರಿಕೊಂಡು ಹೊರಗೆ ಇಣುಕುತ್ತಿತ್ತು. ನಾನು ಅದನ್ನು ಚಿವುಟಿ ಬೈಸಿಕೊಳ್ಳುತ್ತಿದ್ದೆ. ಆಮೇಲೆ ನೆರಳಲ್ಲಿ ಒಣಗಿಸಿ, ಬಾಣಲೆಯಲ್ಲಿ ಹುರಿದು, ಡಬ್ಬ ಹೊತ್ತು ಮಿಲ್ಲಿಗೆ ಹೋಗುವುದು ನನ್ನ ಪಾಳಿ. ಮಿಲ್ಲಿನವನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟಿನ ಬಣ್ಣ. "ಬಿಸಿ ಐತೆ, ಮುಚ್ಚಳ ಹಾಕ್ಬೇಡ" ಎಂದು ಪ್ರತಿ ಸಲ ಹೇಳುತ್ತಿದ್ದ. ಸಂಜೆ ಲೋಟದ ತುಂಬ ಬೆಲ್ಲ, ಏಲಕ್ಕಿ ಹಾಕಿದ ರಾಗಿ ಮಾಲ್ಟ್. ಅಷ್ಟೆಲ್ಲ ಗೊತ್ತಿದ್ದವನಿಗೆ ಇದ್ಯಾವ ಮಹಾ ವಿದ್ಯೆ ಅನ್ನಿಸಿತು.

ಚೀಲದೊಳಗೆ ಕಾಳಿನ ಜೊತೆ ಬಿಳಿ ಧೂಳು ತುಂಬಿತ್ತು. ತೊಳೆಯದ ಧಾನ್ಯ ಒಲೆ ಹತ್ತುವುದು ನಮ್ಮ ವಂಶದಲ್ಲೇ ಇಲ್ಲ. ಸಿಂಕಿನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆದೆ. ನೀರು ಹಾಲಿನಂತೆ ಬಂತು. ಚೆಲ್ಲಿದೆ. ಮತ್ತೆ ತೊಳೆದೆ, ಮತ್ತೆ ಚೆಲ್ಲಿದೆ. ನೀರು ತಿಳಿಯಾಗುವತನಕ ಬಿಡಲಿಲ್ಲ. ಈ ಅಮೆರಿಕನ್ನರಿಗೆ ಶುಚಿ ಅನ್ನುವುದೇ ಇಲ್ಲ, ಎಷ್ಟು ಗಲೀಜು ನೋಡು ಅಂತ ಶೈಲಾಗೆ ತೋರಿಸಿದೆ ಬೇರೆ. ಬಿಸಿ ನೀರಲ್ಲಿ ನೆನೆಹಾಕಿ ಗಂಟೆ ಕಳೆದು, ಸಿಹಿ ಅಳೆಯುವ ಗಾಜಿನ ಕಡ್ಡಿಯನ್ನು ಆ ನೀರಲ್ಲಿ ತೇಲಬಿಟ್ಟರೆ ಅದು ನಲ್ಲಿ ನೀರಲ್ಲಿ ನಿಂತಷ್ಟೇ ಆಳಕ್ಕೆ ಇಳಿದು ನಿಂತಿತು, ಅಂದರೆ ಸಿಹಿಯೇ ಇಲ್ಲ. ಶೈಲಾ ಚಮಚದಲ್ಲಿ ರುಚಿ ನೋಡಿದಳು.

"ಜ್ವರಾ ಬಂದವರಿಗೆ ಕೊಡೋ ಬಾರ್ಲಿ ನೀರ ಆತಲ್ರೀ ಇದು."

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್. ಒಲೆಯ ಮೇಲೆ ಅಷ್ಟು ದೊಡ್ಡ ಪಾತ್ರೆ ಏಕೆ ಎಂದು ಕೇಳಿದರು. ಬಾರ್ಲಿ ಅಂದೆ. ಸುಳ್ಳಲ್ಲವಲ್ಲ. "ಒಳ್ಳೇದು ಕಣೋ, ಬೇಸಿಗೇಲಿ ಉರಿಮೂತ್ರಕ್ಕೆ ಬಹಳ ಒಳ್ಳೇದು. ದಿನಾ ಕುಡಿ" ಅಂದರು.

ನಿಧಿಗೆ ಫೋನಿನಲ್ಲಿ ನಡೆದದ್ದು ಹೇಳಿದೆ. ಅವಳು ಕಿರುಚಿದಳು: "ಅಪ್ಪಾ! ಯು ವಾಶ್ಡ್ ದ ಬಿಯರ್ ಔಟ್!" ಆಗ ಹೊಳೆಯಿತು. ಆ ಬಿಳಿ ಧೂಳೇ ಹಿಟ್ಟು. ಸಕ್ಕರೆಯಾಗಬೇಕಾದದ್ದು ಅದೇ. ಬಿಯರನ್ನು ಸಿಂಕಿಗೆ ಸುರಿದು ಹೊಟ್ಟನ್ನು ಭಕ್ತಿಯಿಂದ ಬೇಯಿಸಿದ್ದೆ. ಅವಳು ನಕ್ಕು ನಕ್ಕು ಸುಸ್ತಾಗಿ, ಆಮೇಲೆ ದನಿ ತಗ್ಗಿಸಿ ಕೇಳಿದಳು, "ಸೋ... ಹೌ ಆರ್ ಯು ಫೀಲಿಂಗ್ ಅಬೌಟ್ ಎವೆರಿಥಿಂಗ್?"

"ಇನ್ನೊಂದು ಚೀಲ ಮಾಲ್ಟ್ ತರಬೇಕು ಕಣೇ" ಅಂದೆ.

ಎರಡನೇ ಸಲ ಒಡೆದದ್ದನ್ನು ತರಲೇ ಇಲ್ಲ. ಧೂಳಿನ ಗೋಜೇ ಬೇಡ ಅಂತ ಇಡೀ ಕಾಳು ತಂದೆ. ಮನೆಯಲ್ಲಿ ಕಲ್ಲನ್ನೂ ಪುಡಿ ಮಾಡುವ ಮಿಕ್ಸಿ ಇದೆ, ಊರಿನಿಂದ ತಂದದ್ದು, ಅದಕ್ಕೆಂದೇ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದೇವೆ. ಕಾಳನ್ನು ಸೊಗಸಾಗಿ ಬೀಸಿದೆ. ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿದರೆ ರೇಷ್ಮೆ. ಅಮ್ಮ ನೋಡಿದ್ದರೆ ಮೆಚ್ಚುತ್ತಿದ್ದರು. ಸೋಸಲು ನನ್ನ ಹಳೆಯ ಮಲ್ಲು ಪಂಚೆಯನ್ನು ಚೀಲ ಮಾಡಿ ಬಿಸಿ ನೀರಲ್ಲಿ ಇಳಿಬಿಟ್ಟೆ. ಒಂದು ಗಂಟೆಯ ಮೇಲೆ ಎತ್ತಿದರೆ ಒಂದು ತೊಟ್ಟೂ ಇಳಿಯುವುದಿಲ್ಲ! ಒಳಗೆ ಅಂಬಲಿ ಕಟ್ಟಿದೆ. ಕಾಳಿನ ಸಿಪ್ಪೆ ಸಿಪ್ಪೆಯಾಗಿಯೇ ಉಳಿದರೆ ಅದೇ ಜರಡಿ, ನೀರು ಅದರ ಸಂದಿಯಲ್ಲಿ ಇಳಿಯುತ್ತದೆ. ನಾನು ಜರಡಿಯನ್ನೂ ಹಿಟ್ಟು ಮಾಡಿದ್ದೆ. ಗರಾಜಿನಲ್ಲಿ ನಾನೊಂದು ತುದಿ, ಶೈಲಾ ಒಂದು ತುದಿ ಹಿಡಿದು, ಬೆಡ್‌ಶೀಟ್ ಹಿಂಡುವ ಹಾಗೆ ಹಿಂಡಿದೆವು.

"ಜೋರ್ಲೆ ಹಿಂಡಬ್ಯಾಡ್ರೀ, ಪಂಚಿ ಹಳೇದೈತಿ" ಅಂದಳು ಅವಳು.

ನಾನು ಜೋರಾಗಿಯೇ ಹಿಂಡಿದೆ. ಪಂಚೆ ಪರ್ರೆಂದಿತು. ಗರಾಜಿನ ನೆಲ, ನನ್ನ ಕಾಲು, ಶೈಲಾಳ ಸೈಕಲ್ಲು, ಎಲ್ಲದರ ಮೇಲೂ ಬಾರ್ಲಿ ಅಂಬಲಿ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇರುವೆಗಳು ವಾರಗಟ್ಟಲೆ ಮೆರವಣಿಗೆ ಹೊರಟವು.

ಮೂರನೇ ಸಲ ಬುದ್ಧಿ ಬಂದಿತ್ತು. ಅಂಗಡಿಯಲ್ಲೇ ಒಡೆಸಿದೆ, ತೊಳೆಯಲಿಲ್ಲ, ಥರ್ಮಾಮೀಟರ್ ಇಟ್ಟುಕೊಂಡೆ. ಬಿಸಿ ನೀರಿಗೆ ಮಾಲ್ಟ್ ಸುರಿದರೆ ಒಳಗೆ ಒಣ ಹಿಟ್ಟು ಉಳಿದ ಗಂಟುಗಳಾಗುತ್ತವೆ, ಅದೇ ದೊಡ್ಡ ತಲೆನೋವು ಅಂತ ಎಲ್ಲರೂ ಹೇಳುತ್ತಾರೆ. ಗಂಟು? ನನ್ನ ಹತ್ತಿರವೇ? ಡ್ರಾಯರಿನಿಂದ ಮುದ್ದೆ ಕೋಲು ತೆಗೆದೆ, ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು ತಿರುವಿದೆ ನೋಡಿ, ಒಂದೇ ಒಂದು ಗಂಟು ಉಳಿಯಲಿಲ್ಲ. ತಿಳಿ ತಾಮ್ರದ ಬಣ್ಣದ, ಜೇನಿನಂಥ ವಾಸನೆಯ ರಸ ಇಳಿಯಿತು. ಆ ದಿನ ನನಗಾದ ಸಂತೋಷಕ್ಕೆ ಲೆಕ್ಕವಿಲ್ಲ. ಗಾಜಿನ ಕಡ್ಡಿ ತಲೆಯೆತ್ತಿ ನಿಂತದ್ದನ್ನು ಫೋಟೋ ತೆಗೆದು ಡೇಲ್‌ಗೆ ಕಳಿಸಿದೆ. ಅವರು ಹೆಬ್ಬೆರಳಿನ ಚಿತ್ರ ಕಳಿಸಿದರು.

ಇನ್ನು ಹುದುಗಬೇಕು. ಹುದುಗಿಸುವುದು ಹೇಳಿಕೊಡಬೇಕೇ? ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಉಬ್ಬುವುದು ಓವನ್ನಿನೊಳಗೆ, ದೀಪ ಹಾಕಿಟ್ಟು. ಬೆಚ್ಚಗಿರುತ್ತದೆ. ಬಿಯರಿನ ಜಾಡಿಯನ್ನೂ ಅಲ್ಲೇ ಕೂರಿಸಿದೆ, ಪಕ್ಕದಲ್ಲಿ ದೋಸೆ ಹಿಟ್ಟಿನ ಪಾತ್ರೆ. ಒಬ್ಬರಿಗೊಬ್ಬರು ಜೊತೆಯಾಗಲಿ ಅಂತ. ಬಿಯರಿನ ಯೀಸ್ಟಿಗೆ ತಂಪು ಬೇಕು, ಸೆಕೆಯಲ್ಲಿ ಅದು ತಲೆಕೆಟ್ಟಂತೆ ಆಡುತ್ತದೆ ಎಂದು ಯಾರಿಗೆ ಗೊತ್ತು? ದೋಸೆ ಹಿಟ್ಟು ರಾತ್ರೋರಾತ್ರಿ ಉಕ್ಕಿ ಪಕ್ಕದ ಜಾಡಿಗೂ ಭೇಟಿ ಕೊಟ್ಟಿತ್ತು. ಎರಡು ವಾರದ ಮೇಲೆ ಜಾಡಿ ತೆರೆದರೆ ಹುಳಿ, ಮೇಲಿಷ್ಟು ಬಾಳೆಹಣ್ಣು, ಅದರ ಮೇಲೆ ಉಗುರುಬಣ್ಣದ ವಾಸನೆ.

"ಉದ್ದಿನಬ್ಯಾಳಿ ಬಿಯರ್ ಅಂತ ಹೆಸರಿಡ್ರೀ, ಹೊಸಾ ಐಟಂ ಆಕ್ಕೈತಿ" ಅಂದಳು ಶೈಲಾ. ಹುಲ್ಲಿಗೆ ಸುರಿಯಲು ಹೋದರೆ, ಕರಿಬೇವಿನ ಗಿಡದಿಂದ ದೂರ ಹೋಗಿ ಸುರಿಯಿರಿ ಅಂತ ಹಿಂದಿನಿಂದ ಕೂಗಿದಳು.

ನಿಧಿಯ ಫೋನು ಬರುತ್ತಲೇ ಇತ್ತು. "ಅಪ್ಪಾ, ಆರ್ ಯು ಹ್ಯಾಪಿ?" ಅಂತ ಒಂದು ದಿನ ನೇರವಾಗಿಯೇ ಕೇಳಿದಳು. ನಾನು ಟೆಕ್ಸಸ್ ಸೆಕೆಯಲ್ಲಿ ಜಾಡಿಯನ್ನು ತಣ್ಣಗಿಡುವ ಬಗೆ ಹೇಳಿದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನೀರಿನ ಟಬ್, ಅದರಲ್ಲಿ ಜಾಡಿ, ದಿನಾ ಬೆಳಗ್ಗೆ ಸಂಜೆ ಮಂಜುಗಟ್ಟಿಸಿದ ಬಾಟಲಿ ಬದಲಾಯಿಸುವುದು. ಅವಳು "ಓಕೆ, ಅಪ್ಪಾ" ಅಂದು ಫೋನಿಟ್ಟಳು. ಆ ಓಕೆ ತೆಳ್ಳಗಿತ್ತು ಅಂತ ಈಗ ನೆನಪಾಗುತ್ತದೆ.

ಆಷಾಢ ಕಳೆದು ಶ್ರಾವಣದಲ್ಲಿ ನಿಶ್ಚಿತಾರ್ಥ, ಡೇಲ್ ಮನೆಯಲ್ಲೇ. ನಾಲ್ಕನೆಯ ಸಲದ್ದು ಕೊನೆಯ ಅವಕಾಶ. ಎಲ್ಲವೂ ನೆಟ್ಟಗಾಯಿತು. ಜಾಡಿಯಿಂದ ಲೋಟಕ್ಕೆ ಬಗ್ಗಿಸಿ ಕುಡಿದರೆ, ದೇವರಾಣೆ, ಬಿಯರ್! ಶೈಲಾ ಕೂಡ ಎರಡನೇ ಗುಟುಕು ಕುಡಿದಳು. ಇನ್ನು ಬಾಟಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ ಹಾಕಿ ಮುಚ್ಚಿದರೆ ಒಳಗೆ ಗ್ಯಾಸ್ ಹುಟ್ಟಿ ನೊರೆ ಬರುತ್ತದೆ. ಸ್ವಲ್ಪ ಅಂದರೆ ತೂಕ ಹಾಕಿ ಸ್ವಲ್ಪ. ಅಲ್ಲಿಯವರೆಗೆ ತೂಗಿ ಅಳೆದು ಮಾಡಿದವನಿಗೆ ಗೆದ್ದೆ ಅನ್ನುವ ಅಮಲು ಏರಿತ್ತು. ಸಕ್ಕರೆ ಯಾಕೆ, ಶುಭಕಾರ್ಯ, ಬೆಲ್ಲ ಇರಲಿ ಅಂದುಕೊಂಡೆ. ಪಾಕ ಮಾಡಿ ಹಾಕಿದೆ. ಕಣ್ಣಿಗೆ ಕಡಿಮೆ ಅನ್ನಿಸಿತು. ಬೀಗರಿಗೆ ಕೊಡುವಾಗ ಕೈ ಬಿಗಿ ಮಾಡಬಾರದು ಅಂತ ಇನ್ನೊಂದು ಸೌಟು ಹಾಕಿದೆ.

ಹೊರಡುವ ದಿನ ಶೈಲಾ ಬಾಟಲಿಗಳ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟು, ಬಾಟಲಿಗಳು ಉರುಳದ ಹಾಗೆ ಸಂದಿಗೆ ಟವೆಲ್ಲು ತುರುಕಿದಳು. ಉಳಿದ ಸಂದಿಗೆ ಕೈಗೆ ಸಿಕ್ಕಿದ ಮುದ್ದೆ ಕೋಲು. ಹೂವು, ವೀಳ್ಯದೆಲೆ ತಾಜಾ ಬೇಕು ಅಂತ ಮೊದಲು ಹ್ಯೂಸ್ಟನ್ನಿನಲ್ಲಿ ನಮ್ಮವರ ಅಂಗಡಿಗಳಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ಗೆ ಹೋದೆವು. ಎಲೆಗೆ ಅಂತ ಇಳಿದವಳು ಸೀರೆ ಅಂಗಡಿ ಹೊಕ್ಕಳು. ಬ್ಲೌಸ್ ಪೀಸು, ಬಳೆ, ಆಮೇಲೆ ಚಾಟ್. ಡಿಕ್ಕಿಯ ಬಿಯರ್ ಸಮೇತ ಕಾರು ಅಲ್ಲಿನ ಹಿಲ್‌ಕ್ರಾಫ್ಟ್ ರಸ್ತೆಯ ಬಿಸಿಲಲ್ಲಿ ನಿಂತೇ ಇತ್ತು.

ವುಡ್‌ಲ್ಯಾಂಡ್ಸ್ ತಲುಪಿದಾಗ ಡೇಲ್ ಬಾಗಿಲಲ್ಲೇ ಇದ್ದರು. ನಿಧಿ ತಂದುಕೊಟ್ಟ ಕೆನೆಬಣ್ಣದ ಜುಬ್ಬಾ ಹಾಕಿದ್ದರು, ಅದು ಅವರ ಮೊಣಕಾಲಿನತನಕವೂ ಬಂದಿರಲಿಲ್ಲ. ನಾನು ರೇಷ್ಮೆ ಪಂಚೆ, ಶಲ್ಯ. ಒಳಗೆ ಎರಡೂ ಕಡೆಯ ನೆಂಟರು, ಮಣೆ ಹಾಕಿ ಕಾಯುತ್ತಿರುವ ಪುರೋಹಿತರು. ರಾಹುಕಾಲಕ್ಕೆ ಮುಂಚೆ ಬೀಗರಿಬ್ಬರೂ ತಾಂಬೂಲ ಬದಲಾಯಿಸಬೇಕು, ತಡ ಮಾಡಬೇಡಿ ಅಂತ ಅವರು ಮೊದಲೇ ಎಚ್ಚರಿಸಿದರು. "ಮೊದಲು ಒಂದು ಬಾಟಲಿ" ಅಂತ ಡೇಲ್ ಕಣ್ಣು ಹೊಡೆದರು.

ಅಡುಗೆಮನೆಯಲ್ಲಿ ಎಲ್ಲರೂ ಸುತ್ತ ನಿಂತರು. ಡೇಲ್ ಮುಚ್ಚಳ ತೆಗೆದರು. ಬಿಯರ್ ಮೊದಲು ಸೂರಿಗೆ ಹೋಯಿತು, ಆಮೇಲೆ ಅವರ ಜುಬ್ಬಾಕ್ಕೆ, ಉಳಿದದ್ದು ನನ್ನ ಮುಖಕ್ಕೆ. ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಒಂದು ಬಾಟಲಿ ತಾನೇ ತಾನಾಗಿ ಢಂ ಅಂತ ಒಡೆಯಿತು. ನನ್ನ ಸೋದರತ್ತೆ "ಅಯ್ಯೋ ಶಿವನೇ" ಅಂದರು. ನಿಧಿಯ ಮುಖ ಬಿಳಿಚಿಕೊಂಡಿತ್ತು. ನಾನು ಭೂಮಿ ಬಾಯಿಬಿಡಲಿ ಎಂದು ಕಾದೆ.

ಡೇಲ್ ಎಲ್ಲರನ್ನೂ ಹಿತ್ತಲಿಗೆ ಕಳಿಸಿದರು. ಓವನ್ನಿನ ದಪ್ಪ ಕೈಗವಸು ಹಾಕಿಕೊಂಡು, ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ ಎತ್ತಿಕೊಂಡು, "ಮುರ್ಲಿ, ಐಸ್ ತಗೊಂಡು ಬಾ" ಎಂದು ನನಗೆ ಹೇಳಿ ಕೆಳಗಿನ ಬಾತ್‌ರೂಮಿಗೆ ನಡೆದರು. ನನ್ನ ಹೆಸರು ಮುರಳೀಧರ. ಬಾಗಿಲು ಹಾಕಿದರು. ಕಣ್ಣಿಗೆ ಗಾಜು ಹಾರದಿರಲಿ ಅಂತ ಗರಾಜಿನ ಗಾಗಲ್ಸ್ ನನಗೊಂದು, ತಮಗೊಂದು. ಬಾಟಲಿಗಳನ್ನು ಟಬ್ಬಿನ ಐಸಿನಲ್ಲಿ ಮಲಗಿಸಿದೆವು. ತಣ್ಣಗಾದ ಮೇಲೆ ಒಂದೊಂದನ್ನೇ ಟವೆಲ್ಲಿನಲ್ಲಿ ಸುತ್ತಿ, ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತಿ ಗಾಳಿ ಬಿಡುವುದು, ಮತ್ತೆ ಮುಚ್ಚುವುದು. ಅದು ನಮ್ಮ ಕೆಲಸ.

"ಎಷ್ಟು ಸಕ್ಕರೆ ಹಾಕಿದೆ?" ಅಂದರು ಡೇಲ್.

"ಸಕ್ಕರೆಯಲ್ಲ, ಬೆಲ್ಲ."

"ಎಷ್ಟು?"

ಬೊಗಸೆ ಹಿಡಿದು ತೋರಿಸಿದೆ. ಅವರು ನನ್ನ ಬೊಗಸೆಯನ್ನು ಬಹಳ ಹೊತ್ತು ನೋಡಿದರು. "ಹಿಂದಿನ ಸಲಗಳಲ್ಲಿ ಏನೇನು ಮಾಡಿದೆ?" ಅಂತ ಕೇಳಿದರು. ಹೇಳಿದೆ. ತೊಳೆದದ್ದು ಹೇಳುತ್ತಿದ್ದ ಹಾಗೆ ಅವರು ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕುಸಿದರು. ಪಂಚೆ ಹರಿದದ್ದಕ್ಕೆ ಗಾಗಲ್ಸ್ ಎತ್ತಿ ಕಣ್ಣೊರೆಸಿಕೊಂಡರು. ಆಮೇಲೆ ತಮ್ಮದು ಶುರು ಮಾಡಿದರು. ಕುದಿಯುವ ರಸಕ್ಕೇ ಯೀಸ್ಟ್ ಸುರಿದು ಕೊಂದದ್ದು, ಒಂದಲ್ಲ, ಬೇಕಾದಷ್ಟು ಸಲ. ಪೀಪಾಯಿಯ ನಲ್ಲಿ ಮುಚ್ಚದೆ ಮಲಗಿ, ಹೆಂಡತಿ ಜೋಪಾನ ಮಾಡಿಟ್ಟ ಕ್ರಿಸ್‌ಮಸ್ ಸಾಮಾನೆಲ್ಲ ಬಿಯರಿನಲ್ಲಿ ನೆನೆದದ್ದು. ಅವಳು ಇವತ್ತಿಗೂ ಡಿಸೆಂಬರ್ ಬಂದರೆ ಮಾತು ಬಿಡುತ್ತಾಳಂತೆ. ಡೊಮೇನ್‌ನಲ್ಲಿ ಎರಡು ನಿಮಿಷಕ್ಕೆ ಮಾತು ಮುಗಿದವರು ಇಲ್ಲಿ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಿದ್ದೆವು. ಪೆಟ್ಟಿಗೆಯಲ್ಲಿ ಉಳಿದ ಕೋಲನ್ನು ಎತ್ತಿ, ಇದೇನು ಅಂತ ಕೇಳಿದರು. ಗಂಟು ಒಡೆಯುವುದು ಅಂದೆ. ಕೈಯಲ್ಲಿ ತೂಗಿ, ತಿರುಗಿಸಿ ನೋಡಿದರು.

ಹಾಗೇ, ಇನ್ನೊಂದು ಬಾಟಲಿಗೆ ಟವೆಲ್ ಸುತ್ತುತ್ತಾ ಹೇಳಿದರು, "ನಾನೊಂದು ಕೇಳಲೇ? ನಿಧಿ ಹೇಳುತ್ತಾಳೆ, ನಿನಗೆ ಈ ಮದುವೆ ಇಷ್ಟವಿಲ್ಲ ಅಂತ."

"ಯಾರು ಹೇಳಿದ್ದು!"

"ಅವಳು ಕೇಳಿದಾಗಲೆಲ್ಲ ನೀನು ಮಾಲ್ಟ್ ವಿಷಯ ಮಾತಾಡುತ್ತೀಯಂತೆ. ಬಹಳ ಅತ್ತಿದ್ದಾಳೆ, ಟ್ರೆಂಟ್ ಹೇಳಿದ."

ನನ್ನ ಕೈಯಲ್ಲಿದ್ದ ಬಾಟಲಿಯನ್ನು ಟಬ್ಬಿನಲ್ಲಿಟ್ಟೆ. "ಇಷ್ಟವಿಲ್ಲದಿದ್ದರೆ ಇಷ್ಟು ತಿಂಗಳು ಇದನ್ನು ಯಾರಿಗಾಗಿ ಮಾಡುತ್ತಿದ್ದೆ?" ಅಂದೆ. ದನಿ ಎತ್ತರವಾಗಿತ್ತು.

ಡೇಲ್ ತಮ್ಮ ಒದ್ದೆ ಜುಬ್ಬಾ ನೋಡಿಕೊಂಡರು. "ನನಗೆ ಮುಚ್ಚಳ ತೆಗೆದಾಗಲೇ ಗೊತ್ತಾಯಿತು. ಇಷ್ಟವಿಲ್ಲದವರಿಗೆ ಯಾರೂ ಇಷ್ಟು ಸಕ್ಕರೆ ಹಾಕುವುದಿಲ್ಲ. ಆದರೆ ಕೇಳಿದ್ದು ನಾನಲ್ಲವಲ್ಲ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಿಧಿ. "ಅಪ್ಪಾ? ಆರ್ ಯು ಬೋತ್ ಇನ್ ದೇರ್? ವೈ ಆರ್ ಯು ಶೌಟಿಂಗ್?" ಅವಳ ಹಿಂದೆ ಶೈಲಾ, "ರಾಹುಕಾಲ ಬರಾಕತ್ತೈತಂತ್ರೀ, ಹೊರಗ ಬರ್ರಿ. ಬಾತ್‌ರೂಮಿನಾಗ ಏನ್ ಮಾಡಾಕತ್ತೀರಿ ಇಬ್ಬರೂ ಕೂಡಿ?"

ಬಾಗಿಲು ತೆಗೆದೆ. ರೇಷ್ಮೆ ಸೀರೆ ಉಟ್ಟು ನನ್ನ ಮಗಳು ನಿಂತಿದ್ದಳು. ಜಗಳ ಅಂದುಕೊಂಡು ಓಡಿಬಂದ ಮುಖ. ಪಂಚೆಯಿಂದ ಬಿಯರ್ ತೊಟ್ಟಿಕ್ಕುತ್ತಿತ್ತು. ಹೇಗೆ ಶುರು ಮಾಡುವುದು ಗೊತ್ತಾಗಲಿಲ್ಲ. ಗೊತ್ತಾಗುವತನಕ ಕಾಯುವುದು ಬೇಡ ಅನ್ನಿಸಿತು.

"ನಿಧಿ, ನೀನು ಕೇಳ್ತಾನೇ ಇದ್ದೆ, ನಾನು ಹೇಳಲಿಲ್ಲ. ನಂಗೆ ಟ್ರೆಂಟ್ ಇಷ್ಟ ಕಣೇ. ಮೊದಲನೇ ದಿನದಿಂದ ಇಷ್ಟ. ಇವರೂ ಇಷ್ಟ. ಈ ಮದುವೆ ನಂಗೆ ತುಂಬಾ ಸಂತೋಷ."

"ಟೇಕ್ ಆಫ್ ದೋಸ್ ಗಾಗಲ್ಸ್, ಅಪ್ಪಾ" ಅಂದಳು. "ಐ ಕಾಂಟ್ ಸೀ ಯುವರ್ ಫೇಸ್."

ತೆಗೆದೆ.

"ನೌ ಸೇ ಇಟ್ ಅಗೇನ್."

ಮತ್ತೊಮ್ಮೆ ಹೇಳಿದೆ. ಎರಡನೇ ಸಲ ಸ್ವಲ್ಪ ಸುಲಭವಿತ್ತು. ಅವಳು ಅತ್ತಳು, ನಾನೂ ಅತ್ತೆ. ಶೈಲಾ ಇಬ್ಬರನ್ನೂ ಬೈಯುತ್ತಾ ಸೆರಗಿನಿಂದ ನನ್ನ ತಲೆ ಒರೆಸಿದಳು.

ರಾಹುಕಾಲಕ್ಕೆ ಮುಂಚೆ ತಾಂಬೂಲ ಬದಲಾಯಿತು. ಇಬ್ಬರು ಬೀಗರೂ ಹೆಂಡದಲ್ಲಿ ಮಿಂದು ಬಂದದ್ದಕ್ಕೆ ಪುರೋಹಿತರು ಮೂಗು ಆಚೆ ತಿರುಗಿಸಿಕೊಂಡೇ ಮಂತ್ರ ಹೇಳಿದರು. ನನ್ನ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಹಣ್ಣು, ಪಕ್ಕದಲ್ಲಿ ಮುದ್ದೆ ಕೋಲು. ಅದು ಯಾವ ಶಾಸ್ತ್ರದಲ್ಲಿದೆ ಅಂತ ಅವರು ಕೇಳಲಿಲ್ಲ. ಉಳಿದ ಬಿಯರ್ ಅಂದು ಸಂಜೆ ಎಲ್ಲರೂ ಕುಡಿದರು. ಬೆಲ್ಲದ ವಾಸನೆ ಸ್ವಲ್ಪ ಮುಂದಿತ್ತು ಅನ್ನುವುದು ಬಿಟ್ಟರೆ ಚೆನ್ನಾಗಿಯೇ ಇತ್ತು.

ಹಾಗಾಗಿ ಕಳೆದ ಭಾನುವಾರ ಕೋಲಿಲ್ಲ. ಸೌಟಿನ ಹಿಡಿಯಿಂದ ತಿರುವಿ ನೋಡಿದೆ, ಮುದ್ದೆ ತುಂಬ ಗಂಟು. ಶೈಲಾ ನನ್ನ ಮುಂದೆ ರೊಟ್ಟಿ ಇಟ್ಟಳು. ತಡೆಯದೆ ಡೇಲ್‌ಗೆ ಫೋನ್ ಹಚ್ಚಿ, ನನ್ನ ಕೋಲನ್ನು ಸ್ವಲ್ಪ ದಿನಕ್ಕೆ ವಾಪಸ್ ಕಳಿಸುತ್ತೀರಾ ಅಂತ ಕೇಳಿದೆ.

"ಕೊಡುವುದಿಲ್ಲ" ಅಂದರು ಡೇಲ್. "ಬರುವ ಶನಿವಾರ ಮದುವೆಯ ಬಿಯರ್ ಮಾಡುತ್ತಿದ್ದೇನೆ. ನನಗೆ ಆ ಕೋಲಿನಿಂದ ತಿರುವಲು ಬರುತ್ತಿಲ್ಲ. ನೀನು ಬರುತ್ತೀಯಾ?"

ಟ್ರಾಫಿಕ್ ಬಗ್ಗೆ, ಬಿಸಿಲಿನ ಬಗ್ಗೆ ಹೇಳಬಹುದಾದ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು.

"ಬರ್ತೀನಿ" ಅಂದೆ. ಮೊದಲು ಅದನ್ನೇ ಅಂದೆ.